ಹೋಟೆಲ್ ಮಾಲೀಕರು ನನ್ನ ಫಾರಂ ತುಂಬುತ್ತಿಲ್ಲ, ಏನು ಮಾಡಲಿ?

ಡೊಂಬಿವಲಿ ಹುಡುಗಿ:
ಮುಂಬೈಯ ಉಡುಪಿ ಹೋಟೆಲ್ ಮಾಲೀಕರ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದೇನೆ. 42 ಪ್ರಶ್ನೆಗಳ ಫಾರಂ. ನಿನ್ನೆ ಮಾಟುಂಗಾದಲ್ಲಿ ಒಬ್ಬರು ಅದನ್ನು ಗಲ್ಲಾಪೆಟ್ಟಿಗೆ ಕೆಳಗೆ ತುರುಕಿ, "ಮೊದಲು ಕಾಫಿ ಕುಡಿ ಮಗಾ" ಅಂದರು. ಕಾಫಿಯೇನೋ ಚೆನ್ನಾಗಿತ್ತು. ಫಾರಂ ಖಾಲಿ. 'ಶುರುವಿನಲ್ಲಿ ಬಿಸಿನೆಸ್ ಪ್ಲಾನ್ ಇತ್ತೇ?' ಅಂತ ಬಾಯಲ್ಲೇ ಕೇಳಿದೆ. ನಕ್ಕುಬಿಟ್ಟರು. "ಎಂಥ ಪ್ಲಾನ್? ಭಾವನ ಹತ್ತಿರ ಸಾಲ, ಊರಿಂದ ಒಬ್ಬ ಅಡುಗೆಯವ. ಅಷ್ಟೇ." ಇದಕ್ಕೆ 'ಇಲ್ಲ' ಅಂತ ಟಿಕ್ ಹಾಕಿದರೆ ಅನ್ಯಾಯ ಅಲ್ವಾ?

ಪುಣೆ ಮೇಷ್ಟ್ರು:
ಅನ್ಯಾಯವೇ. ಉದ್ಯಮಶೀಲತೆಯ ಸಂಶೋಧಕಿ ಸರಸ್ ಸರಸ್ವತಿಯವರ 2001ರ ಎಫೆಕ್ಚುಯೇಶನ್ (ಅಂದರೆ ಕೈಯಲ್ಲಿ ಇರುವುದರಿಂದಲೇ ಉದ್ಯಮ ಕಟ್ಟುವ ರೀತಿ) ಲೇಖನ ಓದಿ. ಅವರು 27 ಪಳಗಿದ ಉದ್ಯಮಿಗಳಿಗೆ ಒಂದು ಕಾಲ್ಪನಿಕ ಕಂಪನಿ ಕಟ್ಟಲು ಕೊಟ್ಟು, ಯೋಚಿಸಿದ್ದನ್ನೆಲ್ಲ ಬಾಯಿಬಿಟ್ಟು ಹೇಳಿಸಿದರು. ಪಳಗಿದವರು ಗುರಿಯಿಂದ ಶುರು ಮಾಡುವುದಿಲ್ಲ. ನಾನು ಯಾರು, ನನಗೇನು ಗೊತ್ತು, ಯಾರ ಪರಿಚಯವಿದೆ, ಎಷ್ಟು ಹೋದರೆ ತಡೆದುಕೊಳ್ಳಬಲ್ಲೆ ಅಂತ ನೋಡುತ್ತಾರೆ. ಭಾವನ ಸಾಲ, ಊರಿನ ಅಡುಗೆಯವ ಇದೇ ಲೆಕ್ಕ. ಹೌದು-ಇಲ್ಲ ಪ್ರಶ್ನೆಯಲ್ಲಿ ಇದು ಸಿಗುವುದಿಲ್ಲ. ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. ಒಪ್ಪಿಗೆ ಕೇಳಿಯೇ.

ಗಲ್ಲಾದವನು:
ಎಷ್ಟು ಗಂಟೆಗೆ ಹೋಗಿದ್ದಿರಿ ಮಾರಾಯ್ರೆ? ಒಂದು ಗಂಟೆಗೆ ಊಟದ ರಶ್, ಯಾರು ಮಾತಾಡುತ್ತಾರೆ? ಮೂರೂವರೆಗೆ ಹೋಗಿ. ಫಾರಂ ಬ್ಯಾಗಿನಲ್ಲೇ ಇರಲಿ, ಸುಮ್ನೆ ಟ್ಯಾಕ್ಸ್‌ನವರು ಅಂದುಕೊಳ್ಳುತ್ತಾರೆ. ರಾತ್ರಿಶಾಲೆ ಬಗ್ಗೆ ಕೇಳಿ. ನಾನೂ ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ತೂಕಡಿಸಿದವನೇ. ಬಡ್ಡಿ ಲೆಕ್ಕ ಕಲಿತದ್ದು ಅಲ್ಲೇ.

ಡೊಂಬಿವಲಿ ಹುಡುಗಿ:
ಹೋಗಿದ್ದು ಒಂದೂಕಾಲಿಗೆ! ಅಣ್ಣಾ, ಶುಕ್ರವಾರ ಮೂರೂವರೆಗೆ ನಿಮ್ಮ ಹೋಟೆಲ್‌ಗೇ ಬರಲಾ?