ಹಲಸಿನ ಮರಕ್ಕೆ ಕೊಟೇಷನ್

“ಮೂರು ಕೊಂಬೆ ಸವರೋಕೆ 18,500 ಅಂತೆ!” ಪದ್ಮಕ್ಕ ಮೊಬೈಲನ್ನು ಜಗಲಿ ಮೇಲೆ ಕುಕ್ಕಿದಳು.

ನಾಣಿ ಕನ್ನಡಕ ಏರಿಸಿ ನೋಡಿದ. ಮರ ಸವರೋ ಕಂಪನಿಯ ಎರಡು ಪುಟದ ಪಿಡಿಎಫ್. ಅವನ ಮುಖ ಅರಳಿತು. “ಎಷ್ಟು ಅಚ್ಚುಕಟ್ಟು ನೋಡಿ! ಫೋಟೊ ಕಳಿಸಿದ 5 ನಿಮಿಷಕ್ಕೆ ಕೊಟೇಷನ್. ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಪ್ಯಾಕೇಜ್ ಬೇರೆ.”

“ಹಲಸಿಗೆ ಪ್ಲಾಟಿನಮ್ಮಾ? ಮದುವೇಲಿ ನಮ್ಮ ಮಾವ ನನಗೇ ಬೆಳ್ಳಿ ದಾಟಲಿಲ್ಲ” ಎಂದ ಶಾಮಣ್ಣ.

“ಸಿಲ್ವರ್ ಅಂದ್ರೆ ಕಡಿದು ಬೀಳಿಸೋದು. ಗೋಲ್ಡ್ ಅಂದ್ರೆ ಹಗ್ಗ ಕಟ್ಟಿ ಇಳಿಸೋದು. ಪ್ಲಾಟಿನಂ ತಗೊಂಡ್ರೆ ಸೊಪ್ಪುಸದೆನೂ ಸಾಗಿಸ್ತಾರೆ.”

“ಅಂದ್ರೆ ಸಿಲ್ವರ್‌ಗೆ ಹೆಂಚಿನ ಖರ್ಚು ನಮ್ಮದು. ಅಲ್ಲಯ್ಯಾ, ಬೆಲೆ ಹೇಳೋನು ಮರದ ಸುತ್ತ ಒಂದು ಸಲ ಬರಬೇಡ್ವಾ? ಕೊಂಬೆ ಯಾವ ಕಡೆ ವಾಲಿದೆ, ಕರೆಂಟ್ ತಂತಿ ಎಷ್ಟು ದೂರ, ಕೆಳಗೆ ಹಗ್ಗ ಹಿಡಿಯೋಕೆ ಎಷ್ಟು ಜನ ಬೇಕು? ಫೋಟೊದಲ್ಲಿ ಕೆಂಜಿಗ ಇರುವೆ ಕಾಣುತ್ತಾ? ಅದು ಹತ್ತಿದವನಿಗೆ ಮಾತ್ರ ಗೊತ್ತಾಗೋದು. ಅದೂ ಕಣ್ಣಿಗಲ್ಲ.”

“ಅದಿರಲಿ, ವೃಕ್ಷಾಧಿಕಾರಿ ಅನುಮತಿ ತಗೊಂಡ್ರಾ? 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಕೊಂಬೆ ಸವರೋದೂ ಮರ ಕಡಿದ ಹಾಗೇನೇ. ತೆಂಗಿನಂಥ ಕೆಲವು ಮರಕ್ಕೆ ಮಾತ್ರ ವಿನಾಯಿತಿ” ಎಂದ ನಾಣಿ.

“ತೆಂಗು ಜಾಣ. ಅದು ಕೊಂಬೆಯನ್ನೇ ಬಿಡಲ್ಲ. ಎಲ್ಲಿ ಪದ್ಮಕ್ಕ, ಕಳಿಸಿದ ಫೋಟೊ ತೋರಿಸು.”

ಫೋಟೊದ ಮೂಲೆಯಲ್ಲಿ ಅರ್ಧ ಮರ ಇತ್ತು. ನಡುವೆ ಅಳಿಯನ ಹೊಸ ಕಾರು, ಪೂಜೆಯ ಹೂವಿನ ಹಾರ ಸಮೇತ.

“ಇದು ಮರದ ಎಸ್ಟಿಮೇಟ್ ಅಲ್ಲ, ಕಾರಿಂದು” ಎಂದ ಶಾಮಣ್ಣ. “ಗುಂಡಾ, ನಿನ್ನ ಚೇತಕ್ ತಂದು ನಿಲ್ಲಿಸೋ.”

ಗುಂಡ ಸ್ಕೂಟರನ್ನು ತಳ್ಳಿಕೊಂಡೇ ಬಂದ. ಬೇರೆ ನಂಬರಿನಿಂದ ಫೋಟೊ ಹೋಯಿತು. 14,000 ಬಂತು.

“ನೋಡಿದ್ಯಾ! ಅರ್ಧ ಗಂಟೇಲಿ ಮರ ಸಣ್ಣ ಆಯ್ತು.”

ಈಗ ಎಲ್ಲರಿಗೂ ಹುರುಪು ಬಂತು. ಸ್ಕೂಟರ್ ತೆಗೆಸಿದರು. ಶಾಮಣ್ಣ ಅಂಗಿ ಬಿಚ್ಚಿ, ತೂತು ಬನಿಯನ್ನಿನಲ್ಲಿ ಮರಕ್ಕೆ ಒರಗಿ ನಿಂತ. ಈ ಸಲ ನಾಣಿಯ ನಂಬರು. ಉತ್ತರ ತಕ್ಷಣ ಬಂತು: ‘ಕ್ಷಮಿಸಿ, ಸದ್ಯ ನಿಮ್ಮ ಏರಿಯಾದಲ್ಲಿ ನಮ್ಮ ಸೇವೆ ಇಲ್ಲ.’

ಪದ್ಮಕ್ಕ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಆಮೇಲೆ ಪಿಡಿಎಫ್‌ನ ಎರಡನೇ ಪುಟ ನೋಡಿ ಸುಮ್ಮನಾದಳು. “ಸೊಪ್ಪು ಸಾಗಿಸೋಕೇ 6,000 ಹಾಕಿದ್ದಾರೆ ಕಣೋ.”

“ಹಲಸಿನ ಸೊಪ್ಪಿಗಾ?” ಶಾಮಣ್ಣ ಬನಿಯನ್ನಿನಲ್ಲೇ ಕೂತ. “ಹಿಂದಿನ ಬೀದಿಯಿಂದ ಮೇಕೆ ಅಜ್ಜಿ ಬರ್ತಿದ್ದಳಲ್ಲ? ಮೊಮ್ಮಗ ಮರ ಹತ್ತೋನು. ಸೊಪ್ಪು ಮೇಕೆಗೆ, ಕಟ್ಟಿಗೆ ನಮ್ಮ ಹಂಡೆ ಒಲೆಗೆ. ಗುಡಿಸೋಕೆ ಒಂದೆಲೆ ಉಳೀತಿರಲಿಲ್ಲ.”

“ಒಂದು ಲೋಟ ಕಾಫಿ ಕೊಡ್ತಿದ್ದೆ. ಹಣ್ಣಿನ ಕಾಲದಲ್ಲಿ ಒಂದು ಹಣ್ಣು. ಇನ್ನೊಂದು ಸ್ವಲ್ಪ ಸಕ್ಕರೆ ಹಾಕವ್ವಾ ಅನ್ನೋಳು, ಅಷ್ಟೇ ಅವಳ ಚೌಕಾಸಿ.”

“ಮೇಕೆ ಕಟ್ಟುತ್ತಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟಿನ ಲಿಫ್ಟಿದೆ” ಎಂದ ಗುಂಡ. ನಾಣಿಯೂ ಮಾತಾಡಲಿಲ್ಲ.

ಪದ್ಮಕ್ಕ ತಲೆ ಎತ್ತಿ ಮರ ನೋಡಿದಳು. “ಆ ಮೂರನೇ ಕೊಂಬೇಲಿ ಎಳೆಗಾಯಿ ಬಿಟ್ಟಿದೆ. ಅದೊಂದು ಇರಲಿ ಬಿಡು.”

“ಹಾಗಾದ್ರೆ ಎರಡೇ ಕೊಂಬೆಗೆ ಕೇಳೋಣ” ಎಂದು ಶಾಮಣ್ಣ ಎದ್ದ. “ಅಂಗಿ ಹಾಕ್ಕೊಳ್ಳಲಾ, ಹೀಗೇ ನಿಲ್ಲಲಾ?”