ಪಟ್ಟಣದ ಕೇಂದ್ರಭಾಗದ ಪುನರುಜ್ಜೀವನ: ಕೌನ್ಸಿಲರ್‌ಗಳು ಏನನ್ನು, ಯಾವಾಗ ಪ್ರಶ್ನಿಸಬೇಕು?

ಪಟ್ಟಣವಾಸಿ:

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷಗಳಿಂದ ಇಂಗ್ಲೆಂಡಿನ ಒಂದು ಪಟ್ಟಣದಲ್ಲಿ ನೆಲೆಸಿದ್ದೇನೆ. ಇಲ್ಲಿನ ಕೌನ್ಸಿಲ್, ಅರ್ಧದಷ್ಟು ಅಂಗಡಿಗಳು ಬಾಗಿಲು ಮುಚ್ಚಿರುವ ನಡುಪಟ್ಟಣದ ಹಳೆಯ ವಾಣಿಜ್ಯ ಸಂಕೀರ್ಣವನ್ನು ಕೆಡವಿ, ಅಲ್ಲಿ ಮನೆಗಳನ್ನೂ ಗ್ರಂಥಾಲಯವನ್ನೂ ಒಂದು ಸಾರ್ವಜನಿಕ ಚೌಕವನ್ನೂ ಕಟ್ಟಲು ಹೊರಟಿದೆ. ಕೆಲಸವನ್ನು ತಾನೇ ಸ್ಥಾಪಿಸಿದ ಕಂಪನಿಯೊಂದಕ್ಕೆ ವಹಿಸಿರುವುದಲ್ಲದೆ, ಅದಕ್ಕೆ ಬೇಕಾದ ಸಾಲವನ್ನೂ ತಾನೇ ಕೊಡುತ್ತಿದೆ. ಯೋಜನೆಗೆ ನನ್ನ ವಿರೋಧವಿಲ್ಲ; ಆ ಜಾಗ ಮತ್ತೆ ಜೀವ ಪಡೆಯಬೇಕೆಂಬ ಆಸೆ ನನಗೂ ಇದೆ.

ಆದರೆ ಕಳೆದ ತಿಂಗಳು ಪರಿಶೀಲನಾ ಸಮಿತಿಯ ಸಭೆಯನ್ನು ನೋಡಿದ ಮೇಲೆ ಮನಸ್ಸಿಗೆ ಸಮಾಧಾನವಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಎರಡು ಪುಟದ ವರದಿಯಲ್ಲಿ ಪ್ರತಿಯೊಂದು ಕೆಲಸದ ಮುಂದೆಯೂ ಹಸಿರು ಗುರುತಿತ್ತು, ಸದಸ್ಯರು ಧನ್ಯವಾದ ಹೇಳಿದರು, ಖರ್ಚಿನ ವಿಷಯ ಬಂದ ಕೂಡಲೇ ವಾಣಿಜ್ಯ ಗೋಪ್ಯತೆಯ ಕಾರಣ ನೀಡಿ ಸಾರ್ವಜನಿಕರನ್ನು ಹೊರಗೆ ಕಳುಹಿಸಲಾಯಿತು. ಇದನ್ನು ಮೇಲ್ವಿಚಾರಣೆ ಎನ್ನಬಹುದೇ? ಚುನಾಯಿತ ಸದಸ್ಯರು ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಯಾವುವು? ಮತದಾರನಾಗಿ ನಾನೇನು ಮಾಡಬಹುದು?

ಲೆಕ್ಕದ ಮೇಷ್ಟ್ರು:

ಲೆಕ್ಕಪರಿಶೋಧನೆಯಲ್ಲಿ ಬಹುಕಾಲ ದುಡಿದವನಾಗಿ ಹೇಳುತ್ತೇನೆ. ನೀವು ವರ್ಣಿಸಿದ ವ್ಯವಸ್ಥೆಯಲ್ಲಿ ಕೌನ್ಸಿಲ್ ಏಕಕಾಲಕ್ಕೆ ಕಂಪನಿಯ ಒಡೆಯನೂ ಹೌದು, ಸಾಲ ಕೊಟ್ಟವನೂ ಹೌದು, ಕಟ್ಟಡಕ್ಕೆ ಅನುಮತಿ ಕೊಡುವ ಪ್ರಾಧಿಕಾರವೂ ಹೌದು. ಅಪಾಯದ ಬೇರು ಇರುವುದು ಇಲ್ಲಿ. ಕಟ್ಟಡದ ಕೆಲಸ ಎಷ್ಟಾಯಿತು ಎಂಬುದಕ್ಕಿಂತ, ಸಾಲ ಹೇಗೆ ತೀರುತ್ತದೆ ಎಂಬುದರ ಮೇಲೆ ಸದಸ್ಯರ ಕಣ್ಣಿರಬೇಕು. ಹಸಿರು ಗುರುತು ಮೊದಲನೆಯದನ್ನು ಹೇಳುತ್ತದೆ; ಎರಡನೆಯದರ ಬಗ್ಗೆ ಏನನ್ನೂ ಹೇಳುವುದಿಲ್ಲ.

ವೋಕಿಂಗ್ ಪಟ್ಟಣದ ಉದಾಹರಣೆ ನೋಡಿ. ವಿಕ್ಟೋರಿಯಾ ಸ್ಕ್ವೇರ್ ಎಂಬ ಪಟ್ಟಣಕೇಂದ್ರದ ಯೋಜನೆಯೂ ಸೇರಿದಂತೆ ತನ್ನೊಂದಿಗೆ ನಂಟಿದ್ದ ಕಂಪನಿಗಳಿಗೆ ಅಪಾರ ಸಾಲ ನೀಡಿದ ಆ ಕೌನ್ಸಿಲ್, 2023ರ ಜೂನ್‌ನಲ್ಲಿ, ಖರ್ಚಿಗೆ ತಕ್ಕ ಹಣ ತನ್ನಲ್ಲಿಲ್ಲವೆಂದು ಸಾರುವ ಸೆಕ್ಷನ್ 114ರ ನೋಟಿಸ್ ಹೊರಡಿಸಬೇಕಾಯಿತು. ಕೈಯಲ್ಲಿದ್ದ ಹಣ ಸುಮಾರು 1 ಕೋಟಿ 60 ಲಕ್ಷ ಪೌಂಡ್. ಎದುರಾಗಿದ್ದ ಕೊರತೆ ಸುಮಾರು 120 ಕೋಟಿ ಪೌಂಡ್. ಲಂಡನ್‌ನ ಕ್ರಾಯ್ಡನ್‌ನಲ್ಲಿ 2020ರ ನವೆಂಬರ್‌ನಲ್ಲಿಯೇ ಇಂಥ ನೋಟಿಸ್ ಬಂದಿತ್ತು. ಅಲ್ಲಿನ ಕೌನ್ಸಿಲ್ ವಸತಿ ನಿರ್ಮಾಣಕ್ಕಾಗಿ ಹುಟ್ಟುಹಾಕಿದ ಬ್ರಿಕ್ ಬೈ ಬ್ರಿಕ್ ಕಂಪನಿಗೆ ಸುಮಾರು 20 ಕೋಟಿ ಪೌಂಡ್ ಸಾಲ ಕೊಟ್ಟಿತ್ತು. ಆ ನೋಟಿಸ್‌ನ ಹಿಂದಿನ ತಿಂಗಳು ಬಂದ ಲೆಕ್ಕಪರಿಶೋಧಕರ ವರದಿಯು, ಸದಸ್ಯರು ಸಾಕಷ್ಟು ಗಟ್ಟಿಯಾಗಿ ಪ್ರಶ್ನಿಸಲಿಲ್ಲವೆಂಬುದನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದೆ. ಈ ಮಾತು ನನ್ನನ್ನು ಇಂದಿಗೂ ಕಾಡುತ್ತದೆ, ಏಕೆಂದರೆ ಸಮಿತಿಗಳೂ ಸಭೆಗಳೂ ಅಲ್ಲಿ ಇಲ್ಲದೆ ಇರಲಿಲ್ಲ.

ಹಾಗಾದರೆ ಕೇಳಬೇಕಾದದ್ದೇನು? ಬಾಡಿಗೆ ಅಥವಾ ಮನೆ ಮಾರಾಟದ ಬೆಲೆ ಅಂದಾಜಿಗಿಂತ ಐದನೇ ಒಂದು ಭಾಗ ಕುಸಿದರೆ, ಬಡ್ಡಿದರ ಎರಡು ಶೇಕಡಾ ಅಂಶ ಏರಿದರೆ, ಕಂಪನಿ ಸಾಲದ ಕಂತನ್ನು ಕಟ್ಟಬಲ್ಲದೇ ಎಂಬ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಬೇಕು. ಖರ್ಚು ಕಡಿಮೆಯಾಗುತ್ತದೆಂದು ನಂಬುವ ಆಶಾವಾದವನ್ನು ಸರಿದೂಗಿಸಲು ವೆಚ್ಚದ ಅಂದಾಜಿಗೆ ಎಷ್ಟು ಸೇರಿಸಲಾಗಿದೆ ಎಂದೂ ಕೇಳಬೇಕು. ಬ್ರಿಟಿಷ್ ಹಣಕಾಸು ಇಲಾಖೆಯ ಮಾರ್ಗದರ್ಶಿಯು ಆರಂಭಿಕ ಹಂತದಲ್ಲಿ ಸಾಮಾನ್ಯ ಕಟ್ಟಡಗಳ ವೆಚ್ಚಕ್ಕೆ ಶೇ. 24ರವರೆಗೆ, ಅಸಾಮಾನ್ಯ ವಿನ್ಯಾಸದ ಕಟ್ಟಡಗಳಿಗೆ ಶೇ. 51ರವರೆಗೆ ಸೇರಿಸಿಕೊಳ್ಳಬೇಕೆಂದು ಸೂಚಿಸಿತ್ತು. ನಿಮ್ಮ ಕೌನ್ಸಿಲ್‌ನ ಕಡತದಲ್ಲಿ ಆ ಅಂಕಿ ಸೊನ್ನೆಯ ಹತ್ತಿರವಿದ್ದರೆ, ಅದಕ್ಕೆ ಕಾರಣವನ್ನು ಯಾರಾದರೂ ವಿವರಿಸಲೇಬೇಕು.

ಹಳೆಯ ಸದಸ್ಯೆ:

ಮೇಷ್ಟ್ರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಒಂದು ಅವಧಿಗೆ ಕೌನ್ಸಿಲರ್ ಆಗಿದ್ದ ಅನುಭವದಿಂದ ಸಮಯದ ವಿಷಯವನ್ನು ಸೇರಿಸುತ್ತೇನೆ. ಗುತ್ತಿಗೆಗೆ ಸಹಿ ಬಿದ್ದ ಮೇಲೆ ಪ್ರಶ್ನೆಗಳಿಗೆ ಬಲವಿರುವುದಿಲ್ಲ. 2000ದ ಸ್ಥಳೀಯ ಸರ್ಕಾರ ಕಾಯ್ದೆಯು ಪರಿಶೀಲನಾ ಸಮಿತಿಗೆ ಕೌನ್ಸಿಲ್‌ನ ಕ್ಯಾಬಿನೆಟ್‌ನ, ಅಂದರೆ ಅದರ ಆಡಳಿತ ನಡೆಸುವ ಸದಸ್ಯರ ಗುಂಪಿನ, ತೀರ್ಮಾನವನ್ನು ಜಾರಿಗೆ ಮುನ್ನ ತಡೆದು ಮರುಪರಿಶೀಲನೆಗೆ ಕಳುಹಿಸುವ ಅಧಿಕಾರ ಕೊಟ್ಟಿದೆ. ಆದರೆ ಬಹಳಷ್ಟು ಕಡೆ ಅದಕ್ಕಿರುವ ಅವಕಾಶ ಕೆಲವೇ ದಿನಗಳದ್ದು, ಮತ್ತು ಸಮಿತಿಯು ತೀರ್ಮಾನವನ್ನು ತಾನಾಗಿಯೇ ರದ್ದುಪಡಿಸಲಾರದು. ಆದ್ದರಿಂದ ಪ್ರಮುಖ ತೀರ್ಮಾನಗಳ ಬಗ್ಗೆ 28 ದಿನ ಮುಂಚಿತವಾಗಿ ಪ್ರಕಟವಾಗುವ ಸೂಚನೆಯನ್ನು ಓದುವ ಅಭ್ಯಾಸವಿಟ್ಟುಕೊಳ್ಳಿ. ನಾವು ಅದನ್ನು ಓದದೆ ಒಮ್ಮೆ ಕೈಸುಟ್ಟುಕೊಂಡಿದ್ದೆವು: ವಿಷಯ ನಮ್ಮ ಮುಂದೆ ಬರುವ ಹೊತ್ತಿಗೆ ನೆಲಸಮದ ಗುತ್ತಿಗೆ ನೀಡಿಯಾಗಿತ್ತು.

ಇನ್ನೊಂದು ಮಾತು. ಕೌನ್ಸಿಲರ್‌ಗಳೇ ಆ ಕಂಪನಿಯ ನಿರ್ದೇಶಕರಾಗಿದ್ದಾರೆಯೇ ಎಂದು ನೋಡಿ. 2006ರ ಕಂಪನಿ ಕಾಯ್ದೆಯ ಪ್ರಕಾರ ನಿರ್ದೇಶಕರ ಕರ್ತವ್ಯ ಕಂಪನಿಯ ಯಶಸ್ಸಿನ ಕಡೆಗಿರುತ್ತದೆ. ಅದೇ ವ್ಯಕ್ತಿ ಸಾಲ ಕೊಟ್ಟ ಕೌನ್ಸಿಲ್‌ನ ಪರವಾಗಿ ಕಂಪನಿಯನ್ನು ಕಟುವಾಗಿ ಪ್ರಶ್ನಿಸುವುದು ಕಷ್ಟ.

ಕಾಯ್ದೆ ಓದುಗ:

ಮತದಾರರ ಹಕ್ಕಿನ ಬಗ್ಗೆ ಮಾತ್ರ ಹೇಳುತ್ತೇನೆ. ಗೋಪ್ಯತೆ ಎಂದ ಮಾತ್ರಕ್ಕೆ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ. 1972ರ ಸ್ಥಳೀಯ ಸರ್ಕಾರ ಕಾಯ್ದೆಯಲ್ಲಿರುವ ಆ ವಿನಾಯಿತಿ, ಮುಚ್ಚಿಡುವುದರಲ್ಲಿರುವ ಸಾರ್ವಜನಿಕ ಹಿತ ಬಹಿರಂಗಪಡಿಸುವುದರಲ್ಲಿರುವ ಹಿತಕ್ಕಿಂತ ಮಿಗಿಲಾಗಿದ್ದರೆ ಮಾತ್ರ ನಿಲ್ಲುತ್ತದೆ. ಆ ತುಲನೆಯನ್ನು ಹೇಗೆ ಮಾಡಿದಿರಿ ಎಂದು ನೀವು ಪತ್ರ ಬರೆದು ಕೇಳಬಹುದು. ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ 20 ಕೆಲಸದ ದಿನಗಳೊಳಗೆ ಉತ್ತರ ಬರಬೇಕು.

ಇದಕ್ಕಿಂತ ಹರಿತವಾದ, ಆದರೆ ಬಹಳ ಕಡಿಮೆ ಜನ ಬಳಸುವ ಹಕ್ಕು 2014ರ ಸ್ಥಳೀಯ ಲೆಕ್ಕಪರಿಶೋಧನಾ ಕಾಯ್ದೆಯಲ್ಲಿದೆ. ಪ್ರತಿ ವರ್ಷ 30 ಕೆಲಸದ ದಿನಗಳ ಕಾಲ ಕೌನ್ಸಿಲ್‌ನ ಲೆಕ್ಕಪತ್ರಗಳನ್ನು, ಅವುಗಳಿಗೆ ಸಂಬಂಧಿಸಿದ ಗುತ್ತಿಗೆ ಮತ್ತು ಬಿಲ್ಲುಗಳನ್ನು ಆಸಕ್ತರು ಪರಿಶೀಲಿಸಬಹುದು. ಸ್ಥಳೀಯ ಮತದಾರರು ಲೆಕ್ಕಪರಿಶೋಧಕರನ್ನು ಪ್ರಶ್ನಿಸಬಹುದು, ಲಿಖಿತ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಕಂಪನಿಯ ಸ್ವಂತ ಪುಸ್ತಕಗಳು ಇದರಲ್ಲಿ ಬಾರದಿದ್ದರೂ, ಕೌನ್ಸಿಲ್ ಅದಕ್ಕೆ ಕೊಟ್ಟ ಸಾಲದ ಕಾಗದಗಳನ್ನು ಕೇಳಲು ಅಡ್ಡಿಯಿಲ್ಲ.

ಪಟ್ಟಣವಾಸಿ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಂಪನಿಗಳ ಸಾರ್ವಜನಿಕ ನೋಂದಣಿಯಲ್ಲಿ ಈಗಷ್ಟೇ ನೋಡಿದೆ: ಇಬ್ಬರು ಕೌನ್ಸಿಲರ್‌ಗಳು ನಿರ್ದೇಶಕರಾಗಿದ್ದಾರೆ. ಬಾಡಿಗೆ ಕುಸಿದರೆ ಕಂತಿನ ಗತಿ ಏನೆಂಬ ಪ್ರಶ್ನೆಯನ್ನು ಮುಂದಿನ ಸಭೆಗೆ ಇಂದೇ ಬರೆದು ಕಳುಹಿಸುತ್ತೇನೆ. ಲೆಕ್ಕಪತ್ರಗಳ ಪರಿಶೀಲನೆಯ ಅವಧಿ ಯಾವಾಗ ಆರಂಭವಾಗುತ್ತದೆಂದೂ ಅದೇ ಪತ್ರದಲ್ಲಿ ಕೇಳುತ್ತೇನೆ. ಉತ್ತರ ಬಂದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.