ತಾತನ ಗುಣ ಮೊಮ್ಮಗನಿಗೆ ಬರುತ್ತಾ? ಮನೋವೈದ್ಯರ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ನಮ್ಮ ಗುಂಪಿನ ಮನೋವೈದ್ಯೆ ಇವತ್ತು ಎರಡು ಗಂಟೆ ಇಲ್ಲಿರುತ್ತಾರೆ. ಸ್ವಭಾವ ಹುಟ್ಟಿನಿಂದ ಬರುತ್ತಾ, ಬೆಳೆಸಿದ್ದರಿಂದಲಾ, ಅದರ ಬಗ್ಗೆ ಕೇಳಿ. ಫಾರ್ವರ್ಡ್ ಹಾಕಬೇಡಿ, ಕೈಮುಗಿಯುತ್ತೇನೆ.

ಪುಟ್ಟಿಯ ಅಮ್ಮ: ಮೇಡಂ, ಮಗಳಿಗೆ 7 ವರ್ಷ. ಬೆರಳಚ್ಚು ನೋಡಿ ಬುದ್ಧಿ, ಸ್ವಭಾವ, ಮುಂದೆ ಯಾವ ಕೋರ್ಸ್ ಅಂತೆಲ್ಲ ಹೇಳುವ ಡಿಎಂಐಟಿ ಟೆಸ್ಟ್ ಇದೆಯಂತೆ. 5,000 ರೂಪಾಯಿ. ಮಾಡಿಸಲಾ?

ಡಾಕ್ಟರ್: ಬೇಡ. ಒಂದೇ ಮೊಟ್ಟೆಯಿಂದ ಹುಟ್ಟಿದ ಅವಳಿಗಳ ಜೀನ್ ಒಂದೇ. ಆದರೂ ಅವರ ಬೆರಳಚ್ಚು ಪೂರ್ತಿ ಹೊಂದುವುದಿಲ್ಲ. ಹೊಟ್ಟೆಯಲ್ಲಿ ಕೂಸು ಹೇಗೆ ಹೊರಳಿತು, ಬೆರಳು ಎಲ್ಲಿ ಒತ್ತಿತು ಅನ್ನುವುದೂ ಆ ಗೆರೆಯಲ್ಲಿ ಸೇರಿಕೊಂಡಿರುತ್ತದೆ. ಅದರಲ್ಲಿ ಕೋರ್ಸ್ ಎಲ್ಲಿಂದ ಓದುತ್ತಾರೆ? ಭಾರತೀಯ ಮನೋವೈದ್ಯರ ಸಂಘವೇ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದಿದೆ. ಆ ದುಡ್ಡಿಗೆ ಸೈಕಲ್ ಕೊಡಿಸಿ.

ದೊಡ್ಡ ಮನೆ ಸೊಸೆ: ಸ್ವಭಾವದಲ್ಲಿ ಶೇ. 49 ಜೀನ್ ಅಂತ ಓದಿದೆ. ಹಾಗಾದರೆ ನಮ್ಮನೆಯವರ ಸಿಟ್ಟಲ್ಲಿ ಅರ್ಧ ಅತ್ತೆಯದ್ದೇ ಅಲ್ವಾ? 😀

ಡಾಕ್ಟರ್: ಅತ್ತೆಯನ್ನು ಬಿಟ್ಟುಬಿಡಿ. ಆ 49 ಬಂದದ್ದು 2015ರಲ್ಲಿ. ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನು ಒಟ್ಟು ಹಾಕಿ, ಎತ್ತರದಿಂದ ಹಿಡಿದು ಸ್ವಭಾವದವರೆಗೆ ಎಲ್ಲ ಗುಣಗಳಿಗೂ ತೆಗೆದ ಸರಾಸರಿ. ಜನರ ನಡುವಿನ ವ್ಯತ್ಯಾಸದಲ್ಲಿ ಜೀನ್ ಪಾಲು ಎಷ್ಟು ಅನ್ನುವ ಲೆಕ್ಕ ಅದು. ಒಬ್ಬರನ್ನೇ ಕೂರಿಸಿ ಅರ್ಧ ಇದು, ಅರ್ಧ ಅದು ಅಂತ ಸೀಳಲು ಬರುವುದಿಲ್ಲ. ಚಪ್ಪಾಳೆಯಲ್ಲಿ ಬಲಗೈ ಸದ್ದು ಎಷ್ಟು, ಎಡಗೈದು ಎಷ್ಟು?

ತೋಟದ ಮನೆ: ಮೇಡಂ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಮಗನಿಗೆ 20. ಹಾಸ್ಟೆಲಿಂದ ಬಂದು ಹತ್ತು ದಿನ ಆಯಿತು. ಆರು ರಾತ್ರಿಯಿಂದ ಎರಡು ಗಂಟೆಯೂ ಮಲಗಿಲ್ಲ, ಆದರೂ ಸುಸ್ತಿಲ್ಲ. ಮೊನ್ನೆ ಬೆಳಗಿನ ಜಾವ ಮೂರಕ್ಕೆ ಎದ್ದು ನೋಡಿದರೆ ಅಡುಗೆಮನೆ ಗೋಡೆಗೆ ನೀಲಿ ಬಣ್ಣ ಬಳಿಯುತ್ತಿದ್ದ. ಅಪ್ಪನ ಕಾರ್ಡಲ್ಲಿ ಮೂರು ಫೋನ್ ತರಿಸಿದ್ದಾನೆ, ಕಂಪನಿ ಶುರು ಮಾಡ್ತಾನಂತೆ. ತಡೆದರೆ ಸಿಡಿಯುತ್ತಾನೆ. ಇವರ ತಂದೆಯೂ ಹೀಗೇ ಇದ್ದರಂತೆ. ಒಂದು ಬೇಸಿಗೆಯಲ್ಲಿ ಎರಡು ಎಕರೆ ಅಡಿಕೆ ತೋಟ ಮಾರಿ ಊರಿಗೆಲ್ಲ ಹಂಚಿದರು, ಆಮೇಲೆ ತಿಂಗಳುಗಟ್ಟಲೆ ಮಂಚ ಬಿಟ್ಟು ಏಳಲಿಲ್ಲ. ಇವರು 'ನಮ್ಮ ವಂಶದ ಗುಣ, ತಾನೇ ಇಳಿಯುತ್ತೆ' ಅಂತಾರೆ. ಹೌದಾ? ಹೋದ ತಿಂಗಳು ಅವನು ಮಂಕಾಗಿದ್ದ. ಅಣ್ಣನ ಮಗ ತಗೊಳ್ಳುವ ಡಿಪ್ರೆಶನ್ ಮಾತ್ರೆ ಮೂರು ವಾರದಿಂದ ಕೊಡುತ್ತಿದ್ದೇವೆ.

ಡಾಕ್ಟರ್: ತೋಟದ ಮನೆಯವರೇ, ಬೇರೆ ಪ್ರಶ್ನೆಗಳು ಕಾಯಲಿ. ನೋಡದೆ ರೋಗದ ಹೆಸರು ಹೇಳುವುದಿಲ್ಲ, ಆದರೆ ನೀವು ಬರೆದದ್ದು ಗುಣ ಅಲ್ಲ. ಗುಣ ಎಂದರೆ ಅವನು ಚಿಕ್ಕಂದಿನಿಂದ ಇರುವ ರೀತಿ. ಇದು ಆರು ದಿನದಲ್ಲಿ ಆದ ಬದಲಾವಣೆ. ನಿದ್ದೆ ಇಲ್ಲ, ಸುಸ್ತೂ ಇಲ್ಲ, ಖರ್ಚು, ಸಿಡಿತ. ಇವು ಒಟ್ಟಿಗೆ ಬಂದರೆ ನಾವು ಮೊದಲು ಮೇನಿಯಾ, ಅಂದರೆ ಮನಸ್ಸು ಮಿತಿಮೀರಿ ಮೇಲೇರಿದ ಸ್ಥಿತಿ, ಇದೆಯಾ ಅಂತ ನೋಡುತ್ತೇವೆ. ತಾತನ ಕಥೆ ಓದಿದ ಮೇಲೆ ನನ್ನ ಅನುಮಾನ ಜಾಸ್ತಿಯಾಯಿತು. ತೋಟ ಹಂಚಿದ್ದು, ಆಮೇಲೆ ಮಂಚ ಹಿಡಿದದ್ದು, ಎರಡೂ ಒಂದೇ ಕಾಯಿಲೆಯ ಎರಡು ಮುಖ ಇರಬಹುದು. ಆಗ ಹೆಸರಿಡುವವರು ಇರಲಿಲ್ಲ.

ಮನಸ್ಸು ಹೀಗೆ ಒಮ್ಮೆ ಮೇಲೇರಿ ಒಮ್ಮೆ ಕುಸಿಯುವುದಕ್ಕೆ ಬೈಪೋಲಾರ್ ಕಾಯಿಲೆ ಅನ್ನುತ್ತೇವೆ. ಅದರಲ್ಲಿ ಜೀನ್ ಪಾತ್ರ ದೊಡ್ಡದು, ನಿಜ. ಆದರೆ 'ಬೈಪೋಲಾರ್ ಜೀನ್' ಅಂತ ಒಂದಿಲ್ಲ. ನೂರಾರು ಕಡೆ ಸಣ್ಣಸಣ್ಣ ವ್ಯತ್ಯಾಸಗಳು ಸೇರಬೇಕು. ಅಪ್ಪನಿಗೋ ಅಮ್ಮನಿಗೋ ಇದ್ದಾಗಲೂ ನೂರು ಮಕ್ಕಳಲ್ಲಿ ತೊಂಬತ್ತಕ್ಕೆ ಬರುವುದಿಲ್ಲ. ನಿಮ್ಮವರಿಗೆ ಬರಲಿಲ್ಲ, ನೋಡಿ. ವಂಶದಿಂದ ಬರುವುದು ಒಲವು ಮಾತ್ರ. ಅದನ್ನು ಎಬ್ಬಿಸುವುದು ನಿದ್ದೆಗೆಟ್ಟ ಪರೀಕ್ಷೆ, ಗಾಂಜಾ, ಮನಸ್ಸಿಗೆ ಬಿದ್ದ ದೊಡ್ಡ ಪೆಟ್ಟು. ಮತ್ತೆ ಆ ಮಾತ್ರೆ. ಈ ಒಲವು ಇರುವವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಮನಸ್ಸು ಒಮ್ಮೆಲೇ ಮೇಲಕ್ಕೆ ಚಿಮ್ಮಬಹುದು. ನಾನು ಹೊಸ ರೋಗಿಗೆ ಆ ಚೀಟಿ ಬರೆಯುವ ಮೊದಲು ಮನೆಯವರ ಕಥೆ ಕೇಳುವುದು ಇದಕ್ಕೇ.

ಮುಂದಿನ ಡೋಸ್ ಕೊಡುವ ಮೊದಲೇ ವೈದ್ಯರು ನೋಡಲಿ. ಇವತ್ತೇ ಹೋಗಿ. ಜಿಲ್ಲಾಸ್ಪತ್ರೆಯ ಎಮರ್ಜೆನ್ಸಿ ಭಾನುವಾರವೂ ತೆರೆದಿರುತ್ತದೆ, ಮನೋವೈದ್ಯರನ್ನು ಕರೆಸಲು ಹೇಳಿ. ಬೈಕ್ ಕೀ, ಕಾರ್ಡ್ ತೆಗೆದಿಡಿ. ವಾದ ಮಾಡಬೇಡಿ. ದಾರಿ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಆರೋಗ್ಯವೇ ಭಾಗ್ಯ: *ವಂಶದ ದೋಷ ತೊಳೆಯುವ 21 ದಿನದ ಕಷಾಯ!! ಡಿಎನ್‌ಎ ಶುದ್ಧಿ! ಉಪ್ಪು ಪೂರ್ತಿ ಬಿಡಿ, ಇಂಗ್ಲಿಷ್ ಮಾತ್ರೆ ಬಿಸಾಡಿ. 10 ಜನರಿಗೆ ಕಳುಹಿಸಿ.*

ಡಾಕ್ಟರ್: ಇದನ್ನು ಯಾರೂ ಮಾಡಬೇಡಿ. ಬೈಪೋಲಾರ್ ಕಾಯಿಲೆಗೆ ಲಿಥಿಯಂ ಮಾತ್ರೆ ತಗೊಳ್ಳುವವರು ಈ ಗುಂಪಲ್ಲೂ ಇರಬಹುದು. ಅವರು ಉಪ್ಪು ಏಕಾಏಕಿ ಬಿಟ್ಟರೆ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಹುದು. ಕೈ ನಡುಕ, ವಾಂತಿ, ತೊದಲು. ಮಾತ್ರೆ ಬಿಸಾಡಿದರೆ ಕಾಯಿಲೆ ಮರಳುತ್ತದೆ. ಡಿಎನ್‌ಎ ಪಾತ್ರೆ ಅಲ್ಲ, ತೊಳೆಯಲು.

ಆರೋಗ್ಯವೇ ಭಾಗ್ಯ: ನಾನು ಬರೆದದ್ದಲ್ಲ ಮೇಡಂ, ಬಂದದ್ದನ್ನು ಹಾಕಿದೆ.

ಡಾಕ್ಟರ್: ಹಾಕಿದ್ದು ನೀವೇ ತಾನೇ.

ಹೊಸ ತಂದೆ: ಎರಡು ವರ್ಷದ ಮಗುವನ್ನು ದತ್ತು ತರುತ್ತಿದ್ದೇವೆ. 'ಯಾರ ರಕ್ತವೋ' ಅಂತ ಮನೆಯಲ್ಲಿ ಗಲಾಟೆ.

ಹಳೇ ಮೇಷ್ಟ್ರು: ಹುಟ್ಟುಗುಣ ಸುಟ್ಟರೂ ಹೋಗದು. 34 ವರ್ಷ ಪಾಠ ಮಾಡಿದ್ದೇನೆ, ಮನೆತನ ನೋಡಿದರೇ ಹುಡುಗ ಹೇಗೆ ಅಂತ ಗೊತ್ತಾಗುತ್ತೆ.

ಕೊಪ್ಪದ ಹುಡುಗಿ: ಮೇಷ್ಟ್ರೇ, ನಾನೂ ದತ್ತು ಮಗಳೇ. ನಿಮ್ಮ ಕ್ಲಾಸಲ್ಲೇ ಕೂತಿದ್ದೆ. ಗೊತ್ತಾಗಿತ್ತಾ?

ಹಳೇ ಮೇಷ್ಟ್ರು: ನಿನ್ನ ಮಾತು ಬೇರೆ ಅಮ್ಮ.

ಕೊಪ್ಪದ ಹುಡುಗಿ: ಏನು ಬೇರೆ? ಹೇಳಿ. ಹಿಂದಿನ ಬೆಂಚಲ್ಲಿ ಯಾರನ್ನು ಕೂರಿಸುತ್ತಿದ್ದಿರಿ ಅಂತಲೂ ಹೇಳಿ.

ದೊಡ್ಡ ಮನೆ ಸೊಸೆ: 👏👏

ಹಳೇ ಮೇಷ್ಟ್ರು: ಗುರುಗಳಿಗೆ ಹೀಗೆ ಮಾತಾಡುವುದನ್ನು ಯಾರು ಕಲಿಸಿದರು?

ಕೊಪ್ಪದ ಹುಡುಗಿ: ಜೀನ್ ಇರಬೇಕು ಸರ್.

ಡಾಕ್ಟರ್: ಹೊಸ ತಂದೆಯವರೇ, ಧೈರ್ಯವಾಗಿ ತನ್ನಿ, ತಡ ಮಾಡಬೇಡಿ. 2000ದಲ್ಲಿ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳ ಅಧ್ಯಯನ ಶುರುವಾಯಿತು. ಮನೆ ಸಿಕ್ಕ ಮಕ್ಕಳು ಚೇತರಿಸಿಕೊಂಡರು, ಎರಡು ವರ್ಷದೊಳಗೆ ಸಿಕ್ಕವರು ಇನ್ನೂ ಜಾಸ್ತಿ. ಅಲ್ಲಿ ಕೊರತೆ ಇದ್ದದ್ದು ಎತ್ತಿಕೊಳ್ಳುವ ಕೈಗಳದ್ದು. ಮೇಷ್ಟ್ರೇ, ಸಾಕು.

ಗಣೇಶನ ಬೀದಿ: ಮೇಡಂ, ಡಿಎಂಐಟಿ ಮಾಡಿಸಬಹುದಾ?

ಡಾಕ್ಟರ್: ಮೇಲೆ ಓದಿ.

ಮೈಸೂರು ಪಾಕ್: ನಮ್ಮಪ್ಪ ಕುಡಿಯುತ್ತಿದ್ದರು. ನಾನು ಮುಟ್ಟಿಲ್ಲ. ತಮ್ಮ ಶುರು ಮಾಡಿದ್ದಾನೆ. ಒಂದೇ ಮನೆ, ಒಂದೇ ಅಪ್ಪ. ಯಾಕೆ ಹೀಗೆ?

ಹಳೇ ಮೇಷ್ಟ್ರು: ಅಡ್ಮಿನ್, ಹಿರಿಯರಿಗೆ ಇಲ್ಲಿ ಮರ್ಯಾದೆ ಇಲ್ಲವೇ?

ಇಬ್ಬರು ಗಂಡುಮಕ್ಕಳ ಅಪ್ಪ: ಡಿಎಂಐಟಿಗೆ ಡಿಸ್ಕೌಂಟ್ ಇದೆಯಂತೆ ಮೇಡಂ, ಇಬ್ಬರಿಗೆ 8,000.

ಡಾಕ್ಟರ್: ಇಲ್ಲ. ಇಲ್ಲ. ಇಲ್ಲ. ತೋಟದ ಮನೆಯವರೇ, ಹೊರಟಿರಾ?

ತೋಟದ ಮನೆ: ಇವರು ನಾಳೆ ನೋಡೋಣ ಅಂತಿದ್ದಾರೆ.

ಡಾಕ್ಟರ್: ಫೋನ್ ಅವರ ಕೈಗೆ ಕೊಡಿ, ನಾನೇ ಮಾಡುತ್ತೇನೆ.

ಅಡ್ಮಿನ್: ಮೇಷ್ಟ್ರ ಮತ್ತು ಕೊಪ್ಪದವರ ಕಾಮೆಂಟ್ ಸ್ವಲ್ಪ ಹೊತ್ತು ನಿಲ್ಲಿಸಿದ್ದೇನೆ.

ದೊಡ್ಡ ಮನೆ ಸೊಸೆ: ಅವಳದ್ದು ಯಾಕೆ?

ತೋಟದ ಮನೆ: ಮೇಡಂ, ಕಾರು ಬಂತು. ಅವನ ಚಿಕ್ಕಪ್ಪನೂ ಬರುತ್ತಿದ್ದಾರೆ. ಕೈಯೆಲ್ಲ ನೀಲಿ ಬಣ್ಣ, ತೊಳೆಯಲು ಬಿಡುತ್ತಿಲ್ಲ.

ಡಾಕ್ಟರ್: ಬಣ್ಣ ಇರಲಿ. ಆ ಮಾತ್ರೆಯ ಸ್ಟ್ರಿಪ್ ಮರೆಯಬೇಡಿ.